ಮುಂದಿನ ತಿಂಗಳಿಗೆ ಕಾಯಲು ಕಲಿಸಿದ ಗಳಗನಾಥ ಮಾಸ್ತರರು

ನಾರಾಯಣಪೇಟೆ: ಶ್ರಾವಣದಲ್ಲಿ ಊರ ಮಠದೊಳಗೆ ಕೂತು ಪುರಾಣ ಕೇಳಿದವರಿಗೆಲ್ಲ ಈ ಅನುಭವ ಆಗಿರುತ್ತದೆ. ಕಥೆ ಏರುತ್ತಾ ಏರುತ್ತಾ ಬಂದು, ಕಾಡಿನಲ್ಲಿ ದಾರಿ ತಪ್ಪಿದ ಕೂಸಿನ ಎದುರಿಗೆ ಹುಲಿ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಶಾಸ್ತ್ರಿಗಳು ಪುಸ್ತಕ ಮುಚ್ಚಿ ಮಂಗಳಾರತಿಗೆ ಏಳುತ್ತಾರೆ! ಕೂಸಿನ ಗತಿ ಏನಾಯಿತು ಅಂತ ತಿಳಿಯಬೇಕಾದರೆ ನಾಳೆ ಮತ್ತೆ ಬರಬೇಕು. ಬುರ್ರಕಥೆಯವರೂ ಹೀಗೇ, ಹರಿಕಥೆ ದಾಸರೂ ಹೀಗೇ. ತಟ್ಟೆ ತಿರುಗುವ ಹೊತ್ತಿಗೆ ಕಥೆ ಎಲ್ಲಿ ನಿಂತಿರಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ತೆಲುಗು ವಾರಪತ್ರಿಕೆಯ ಧಾರಾವಾಹಿಯ ಕೊನೆಗೆ ‘ಸಶೇಷಂ’ ಅಂತ ಇರುತ್ತಿತ್ತು. ಕನ್ನಡದಲ್ಲಿ ‘ಮುಂದುವರಿಯುವುದು’. ಎರಡೂ ಭಾಷೆ ಓದುವ ನಮ್ಮಂಥ ಗಡಿನಾಡಿನವರಿಗೆ ಎರಡೂ ಕಡೆಯಿಂದ ಚಡಪಡಿಕೆ! ಇಂಗ್ಲಿಷಿನವರು ಇದನ್ನು ಕ್ಲಿಫ್‌ಹ್ಯಾಂಗರ್ ಎನ್ನುತ್ತಾರೆ, ಅಂದರೆ ಬಂಡೆಯ ಅಂಚಿಗೆ ಜೋತುಬೀಳುವುದು. 1872-73ರಲ್ಲಿ ಥಾಮಸ್ ಹಾರ್ಡಿ ಎಂಬ ಇಂಗ್ಲಿಷ್ ಕಾದಂಬರಿಕಾರ ತನ್ನ ಧಾರಾವಾಹಿಯಲ್ಲಿ ಒಬ್ಬ ಪಾತ್ರಧಾರಿಯನ್ನು ನಿಜವಾಗಿಯೇ ಸಮುದ್ರದ ದಂಡೆಯ ಬಂಡೆಗೆ ಜೋತುಬಿಟ್ಟಿದ್ದ. ಹೆಸರಿಗೆ ಅದೇ ಮೂಲ ಎಂದು ಹೇಳುವವರುಂಟು.

ಇರಲಿ, ಕನ್ನಡದ ವಿಷಯಕ್ಕೆ ಬರೋಣ. ನಮ್ಮ ಭಾಷೆಯಲ್ಲಿ ಈ ಕಲೆಯನ್ನು ಪತ್ರಿಕೆಯ ಪುಟಕ್ಕೆ ತಂದು, ಸಾವಿರಾರು ಮನೆಗಳಿಗೆ ಮುಂದಿನ ಸಂಚಿಕೆಯ ದಾರಿ ಕಾಯುವುದನ್ನು ಕಲಿಸಿದವರಲ್ಲಿ ಮುಖ್ಯರು ಗಳಗನಾಥರು. ಇಂದಿನ ಹುಡುಗರಿಗೆ ಅವರ ಹೆಸರು ಗೊತ್ತಿರಲಿಕ್ಕಿಲ್ಲ. ಗೊತ್ತಾಗಬೇಕು ಎಂಬುದಕ್ಕೇ ಈ ಲೇಖನ.

ಹರಿದ ಪುಸ್ತಕ

ನನಗೆ ಗಳಗನಾಥರ ಪರಿಚಯವಾದದ್ದು ಒಂದು ಹರಿದ ಪುಸ್ತಕದಿಂದ. ಹೈಸ್ಕೂಲಿನಲ್ಲಿದ್ದಾಗ ಗ್ರಂಥಾಲಯವೊಂದರಿಂದ ತಂದ ‘ಕನ್ನಡಿಗರ ಕರ್ಮಕಥೆ’. ರಟ್ಟು ಕಿತ್ತುಹೋಗಿತ್ತು, ಅಂಚುಗಳನ್ನು ಗೆದ್ದಲು ತಿಂದಿತ್ತು. ಅಜ್ಜಿಗೆ ಕಣ್ಣು ಮಂಜಾಗಿದ್ದರಿಂದ ರಾತ್ರಿ ನಾನು ಓದುವುದು, ಅವಳು ಕೇಳುವುದು. ಯುದ್ಧ ಇನ್ನೇನು ಶುರುವಾಗಬೇಕು, ಅಲ್ಲಿಗೆ ಪುಟಗಳೇ ಇಲ್ಲ! ಅಜ್ಜಿ ಒಂದು ವಾರ ಅದನ್ನೇ ಕೇಳಿದಳು. ಆ ಹುಡುಗನಿಗೆ ತನ್ನ ತಂದೆ ಯಾರು ಅಂತ ತಿಳಿಯಿತೋ ಇಲ್ಲವೋ ಎಂದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ಪ್ರತಿ ಈ ಭಾಗದಲ್ಲಿ ಸಿಗಲಿಲ್ಲ. ಕೆಲವು ವರ್ಷಗಳಲ್ಲಿ ಅಜ್ಜಿ ತೀರಿಕೊಂಡಳು.

ಇದನ್ನು ಯಾಕೆ ಹೇಳಿದೆ ಎಂದರೆ, ಕಥೆಯನ್ನು ಅರ್ಧಕ್ಕೆ ನಿಲ್ಲಿಸುವುದರ ಬಲ ಏನು ಅನ್ನುವುದನ್ನು ನಾನು ಯಾವ ಪಾಠದಿಂದಲೂ ಕಲಿತವನಲ್ಲ. ಅಜ್ಜಿಯ ಮುಖ ನೋಡಿ ಕಲಿತೆ.

ಹೊಳೆ ದಂಡೆಯ ಊರು

ಅವರ ಪೂರ್ಣ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಗಳಗನಾಥ ಎಂಬ ಹಳ್ಳಿಯಲ್ಲಿ. ವರದಾ ನದಿ ಬಂದು ತುಂಗಭದ್ರೆಯನ್ನು ಸೇರುವ ಜಾಗವದು. ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವಿದೆ. ಊರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡರು. ಕ್ರಮೇಣ ಊರಿಗಿಂತ ಅವರೇ ಗಳಗನಾಥರಾಗಿಬಿಟ್ಟರು.

ಗದ್ವಾಲ, ಅಲಂಪುರದ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗಳಗನಾಥದ ಮುಂದೆ ಹರಿಯುವ ಅದೇ ನೀರು ಹಂಪಿಯನ್ನು ಹಾದು, ಮಂತ್ರಾಲಯವನ್ನು ಹಾದು, ಅಲಂಪುರದ ಜೋಗುಳಾಂಬೆಯ ಪಾದ ತೊಳೆದು ಮುಂದೆ ಕೃಷ್ಣೆಗೆ ಕೂಡುತ್ತದೆ. ನಮ್ಮ ನಡಿಗಡ್ಡ ಪ್ರದೇಶಕ್ಕೂ ಅವರ ಹುಟ್ಟೂರಿಗೂ ಹೊಳೆಯೇ ನೆಂಟಸ್ತಿಕೆ.

ಆಗಿನ ಹಾವೇರಿ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ವೆಂಕಟೇಶರು ಓದಿ ಶಾಲಾ ಮಾಸ್ತರರಾದರು. ಸಂಬಳ ಕಡಿಮೆ, ವರ್ಗಾವಣೆ ಜಾಸ್ತಿ. ಆದರೆ ಊರೂರು ತಿರುಗಿದ ಮಾಸ್ತರನಿಗೆ ಒಂದು ಸಂಗತಿ ಕಣ್ಣಿಗೆ ಹೊಡೆದು ಕಾಣುತ್ತದೆ. ಹುಡುಗರು ಅಕ್ಷರ ಕಲಿಯುತ್ತಾರೆ, ಶಾಲೆ ಬಿಟ್ಟ ಮೇಲೆ ಓದಲು ಏನೂ ಸಿಗದೆ ಮರೆಯುತ್ತಾರೆ.

ಓದುಗರೇ ಇಲ್ಲದ ಕಾಲ

ಆ ಕಾಲದ ಪರಿಸ್ಥಿತಿ ಇಂದು ಊಹಿಸಲಿಕ್ಕೂ ಕಷ್ಟ. 1911ರ ಜನಗಣತಿಯಂತೆ ಇಡೀ ಭಾರತದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 6 ಜನ. ಉತ್ತರ ಕರ್ನಾಟಕದಲ್ಲಿ ಆ ಬೆರಳೆಣಿಕೆಯ ಓದುಗರಲ್ಲೂ ಅನೇಕರು ಕೈಗೆ ತೆಗೆದುಕೊಳ್ಳುತ್ತಿದ್ದುದು ಮರಾಠಿ ಪುಸ್ತಕ. ಕನ್ನಡದಲ್ಲಿ ರುಚಿಯಾಗಿ ಓದುವಂಥದ್ದು ಏನಿದೆ ಎಂಬ ತಾತ್ಸಾರ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೇ ಈ ಸ್ಥಿತಿಯನ್ನು ಬದಲಿಸಲು.

ಅತ್ತ ಮೈಸೂರು ಕಡೆ ಬಿ. ವೆಂಕಟಾಚಾರ್ಯರು 1885ರಲ್ಲಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದು ಬಂಗಾಳಿ ಕಾದಂಬರಿಗಳ ಬಾಗಿಲು ತೆರೆದಿದ್ದರು. ಇತ್ತ ಗಳಗನಾಥರು 1898ರಲ್ಲಿ ‘ಪ್ರಬುದ್ಧ ಪದ್ಮನಯನೆ’ ಬರೆದರು. ಮರು ವರ್ಷವೇ ಮಂಗಳೂರು ಕಡೆಯಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂತು. ಮೂರು ದಿಕ್ಕಿನಿಂದ ಕನ್ನಡ ಕಾದಂಬರಿ ಕಣ್ಣು ಬಿಡುತ್ತಿದ್ದ ಹೊತ್ತು ಅದು. ಮುಂದೆ ಜನ ಗಳಗನಾಥರನ್ನು ಕಾದಂಬರಿ ಪಿತಾಮಹ ಎಂದೇ ಕರೆದರು.

ಅವರಿಗೆ ದೊಡ್ಡ ಮಾದರಿಯಾಗಿದ್ದವರು ಮರಾಠಿಯ ಹರಿ ನಾರಾಯಣ ಆಪ್ಟೆ (1864-1919). ಆಪ್ಟೆಯವರು 1890ರಲ್ಲಿ ‘ಕರಮಣೂಕ’ ಎಂಬ ವಾರಪತ್ರಿಕೆ ಶುರುಮಾಡಿ, ತಮ್ಮ ಕಾದಂಬರಿಗಳನ್ನು ಕಂತು ಕಂತಾಗಿ ಅದರಲ್ಲಿ ಹಾಕುತ್ತಿದ್ದರು. ಮಹಾರಾಷ್ಟ್ರದ ಮನೆಮನೆಯಲ್ಲಿ ಮುಂದಿನ ವಾರಕ್ಕಾಗಿ ಕಾಯುವ ಅಭ್ಯಾಸ ಹುಟ್ಟಿತ್ತು. ಮರಾಠಿ ಓದುತ್ತಿದ್ದ ಕನ್ನಡದವರೂ ಕಾಯುತ್ತಿದ್ದರು! ಆ ಕಾಯುವಿಕೆಯನ್ನು ಕನ್ನಡಕ್ಕೆ ತಿರುಗಿಸಲು ಆಗುವುದಿಲ್ಲವೇ? ಗಳಗನಾಥರ ಮುಂದಿನ ಬದುಕೆಲ್ಲ ಈ ಪ್ರಶ್ನೆಗೆ ಉತ್ತರ ಎನ್ನಬಹುದು.

ಅಗಡಿಯ ಚಂದ್ರಿಕೆ

ಹಾವೇರಿ ಹತ್ತಿರದ ಅಗಡಿ ಎಂಬ ಊರಿನಲ್ಲಿ ಆನಂದವನವಿದೆ. ಶೇಷಾಚಲ ಸದ್ಗುರುಗಳ ಆಶ್ರಮ. 1907ರಲ್ಲಿ ಅಲ್ಲಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ನಡೆಸಿದವರು ಗಳಗನಾಥರು. ಹೆಸರೇ ಹೇಳುವಂತೆ ಪತ್ರಿಕೆಯ ಉದ್ದೇಶ ಸದ್ಬೋಧೆ. ದೇವರು, ಧರ್ಮ, ನೀತಿ.

ಆದರೆ ಮಾಸ್ತರರಿಗೆ ಒಂದು ಗುಟ್ಟು ಗೊತ್ತಿತ್ತು. ಬರೀ ಬೋಧೆಗೆ ಯಾರೂ ಚಂದಾ ಕಟ್ಟುವುದಿಲ್ಲ. ಪತ್ರಿಕೆ ಉಳಿಯಬೇಕಾದರೆ ಜನ ಅಂಚೆಯವನ ದಾರಿ ನೋಡಬೇಕು. ಅದಕ್ಕೇ ಅವರ ಕಾದಂಬರಿಗಳು ಚಂದ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದವು. ಬೋಧೆ ಪತ್ರಿಕೆಯ ಹೆಸರಿನಲ್ಲಿತ್ತು, ಎಳೆದು ತರುವ ಹಗ್ಗ ಕಥೆಯ ಕೈಯಲ್ಲಿತ್ತು.

ವಾರಕ್ಕೊಂದು ಕಂತು ಬರೆಯುವುದಕ್ಕೂ ತಿಂಗಳಿಗೊಂದು ಕಂತು ಬರೆಯುವುದಕ್ಕೂ ವ್ಯತ್ಯಾಸ ಬಹಳ. ಮೂವತ್ತು ದಿನಗಳಲ್ಲಿ ಓದುಗನ ಮನೆಯಲ್ಲಿ ಬಿತ್ತನೆ ಆಗುತ್ತದೆ, ಜಾತ್ರೆ ಆಗುತ್ತದೆ, ಮದುವೆ ಆಗುತ್ತದೆ, ಕಥೆ ಮರೆತುಹೋಗುತ್ತದೆ. ಹಾಗೆ ಮರೆಯದಂತೆ ಮಾಡಬೇಕಾದರೆ ಕಂತಿನ ಕೊನೆಗೆ ಬರೀ ಗದ್ದಲ ಇದ್ದರೆ ಸಾಲದು. ಓದುಗ ಹೊಲದಲ್ಲಿ ಕೆಲಸ ಮಾಡುವಾಗಲೂ ತಲೆಯಲ್ಲಿ ಕೊರೆಯುವ ಒಂದು ಪ್ರಶ್ನೆ ಇರಬೇಕು. ಒಬ್ಬ ಓದಿದರೆ ಹತ್ತು ಜನ ಕೇಳುತ್ತಿದ್ದ ಕಾಲ. ಆ ಹತ್ತು ಜನ ಕಟ್ಟೆಯ ಮೇಲೆ ವಾದ ಮಾಡುವಂತಿದ್ದರೆ ಕಥೆ ತಿಂಗಳಿಡೀ ಜೀವಂತ.

ಗೊತ್ತಿರುವ ಕಥೆಗೆ ಎಂಥ ಕುತೂಹಲ?

ಇಲ್ಲೊಂದು ತೊಡಕಿದೆ ನೋಡಿ. ಗಳಗನಾಥರು ಬರೆದದ್ದರಲ್ಲಿ ಐತಿಹಾಸಿಕ ಕಾದಂಬರಿಗಳೇ ಹೆಚ್ಚು ಹೆಸರಾದವು. ಇತಿಹಾಸದ ಕೊನೆ ಎಲ್ಲರಿಗೂ ಮೊದಲೇ ಗೊತ್ತು. 1923ರ ‘ಮಾಧವ ಕರುಣಾ ವಿಲಾಸ’ ವಿಜಯನಗರದ ಸ್ಥಾಪನೆಯ ಕಥೆ. ರಾಜ್ಯ ಸ್ಥಾಪನೆ ಆಗಿಯೇ ತೀರುತ್ತದೆ. ‘ಕನ್ನಡಿಗರ ಕರ್ಮಕಥೆ’ ಅದೇ ವಿಜಯನಗರದ ಪತನದ ಕಥೆ, ಆಪ್ಟೆಯವರ ‘ವಜ್ರಾಘಾತ’ವನ್ನು ಆಧರಿಸಿದ್ದು. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ರಾಮರಾಜ ಸೋಲುತ್ತಾನೆ, ಹಂಪಿ ಹಾಳಾಗುತ್ತದೆ. ಇದು ಶಾಲೆಯ ಹುಡುಗನಿಗೂ ಗೊತ್ತು. ಹಾಗಾದರೆ ಮುಂದೇನು ಎಂದು ಕಾಯುವುದು ಯಾತಕ್ಕೆ?

ಇದಕ್ಕೆ ಉತ್ತರ ಕರ್ಮಕಥೆಯಲ್ಲೇ ಇದೆ. ಅಲ್ಲಿ ರಾಮರಾಜನಿಗೆ ಯೌವನದಲ್ಲಿ ಮೆಹರ್ಜಾನ್ ಎಂಬ ಯುವತಿಯ ಮೇಲೆ ಪ್ರೀತಿ. ರಾಜಕಾರಣದ ಆಸೆಯಲ್ಲಿ ಅವಳು ಕೈಬಿಟ್ಟುಹೋಗುತ್ತಾಳೆ. ಅವಳ ಮಗ ರಣಮಸ್ತಖಾನ ಎದುರು ಪಕ್ಷದಲ್ಲಿ ಬೆಳೆದು ವೀರನಾಗುತ್ತಾನೆ. ರಾಮರಾಜನೇ ತನ್ನ ತಂದೆ ಎಂಬುದು ಮಗನಿಗೆ ತಿಳಿಯದು. ಓದುಗನಿಗೆ ಮಾತ್ರ ತಿಳಿದಿದೆ! (ಇದು ಕಾದಂಬರಿಯ ಕಲ್ಪನೆ, ಇತಿಹಾಸವಲ್ಲ. ಆ ಯುದ್ಧವನ್ನು ಬರೀ ಎರಡು ಧರ್ಮಗಳ ಜಗಳ ಎಂದು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ ಎಂಬುದೂ ನೆನಪಿರಲಿ.)

ಈಗ ನೋಡಿ, ಯುದ್ಧ ಯಾರು ಗೆಲ್ಲುತ್ತಾರೆ ಎಂಬುದು ಪ್ರಶ್ನೆಯೇ ಅಲ್ಲ. ತಂದೆ ಮಗ ಎದುರಾದಾಗ ಗುರುತು ಸಿಕ್ಕೀತೇ? ಸಿಕ್ಕರೂ ತಡವಾಗಿಬಿಟ್ಟೀತೇ? ಓದುಗನಿಗೆ ಪುಸ್ತಕದೊಳಗೆ ಹೋಗಿ ಹೇಳಿಬಿಡೋಣ ಅನ್ನಿಸುತ್ತದೆ. ನನ್ನ ಅಜ್ಜಿಗೂ ಹಾಗೇ ಅನ್ನಿಸಿತ್ತು. ಊರಿಗೆ ಏನಾಗುತ್ತದೆ ಎಂಬುದು ಗೊತ್ತಿದ್ದರೂ, ಆ ಊರಿನ ಒಂದು ಮನೆಗೆ ಏನಾಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಕುತೂಹಲ ಹುಟ್ಟುವುದು ಆ ಸಂದಿನಲ್ಲಿ.

ನಮ್ಮ ಭಾಗದ ಓದುಗರಿಗೆ ಇನ್ನೊಂದು ಸೊಗಸು. ಕೃಷ್ಣಾ ನದಿ ಯುದ್ಧಭೂಮಿಯಾದ ಆ ತಂಗಡಗಿಯನ್ನು ದಾಟಿ ಬಂದು, ತೆಲಂಗಾಣಕ್ಕೆ ಕಾಲಿಡುವುದು ನಮ್ಮ ಮಖ್ತಲ್ ಸೀಮೆಯ ಕೃಷ್ಣಾ ಮಂಡಲದ ತಂಗಿಡಿಯಲ್ಲಿ. ಹೆಸರು ಹೆಚ್ಚು ಕಡಿಮೆ ಒಂದೇ, ಊರುಗಳು ಬೇರೆ. ವಿಜಯನಗರವೂ ವಿಜಾಪುರವೂ ಪದೇ ಪದೇ ಕಾದಾಡಿದ್ದು ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ದೋಆಬಿಗಾಗಿ. ಗದ್ವಾಲ ಇರುವುದು ಅದೇ ಎರಡು ನದಿಗಳ ನಡುವೆ. ಅಂದರೆ ಗಳಗನಾಥರ ಕಥೆಯ ಕುದುರೆಗಳು ಓಡಾಡಿದ್ದು ನಮ್ಮ ಹಿತ್ತಲಲ್ಲೇ!

ಹಗ್ಗ ಮತ್ತು ಹಾವು

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಹರೆಯದಲ್ಲಿ ನಾನೂ ಒಂದು ಸಣ್ಣ ಪತ್ರಿಕೆಗೆ ಧಾರಾವಾಹಿ ಬರೆದೆ. ಒಂದು ಕಂತಿನ ಕೊನೆಗೆ ನಾಯಕಿಯ ಹಾಸಿಗೆಯ ಕೆಳಗೆ ಹಾವು ಹರಿದಾಡುವುದು ಕಾಣುತ್ತದೆ. ಮುಂದಿನ ವಾರ ನೋಡಿದರೆ ಅದು ಹಗ್ಗ! ನನಗೆ ನನ್ನ ಬುದ್ಧಿವಂತಿಕೆಯ ಬಗ್ಗೆ ಭಾರಿ ಹೆಮ್ಮೆ. ಸಂತೆಯಲ್ಲಿ ಸಿಕ್ಕ ಒಬ್ಬ ಹಿರಿಯ ನೇಕಾರ ನನ್ನನ್ನು ತಡೆದು, ವಾರವಿಡೀ ಮಗ್ಗದ ಮುಂದೆ ಕೂತು ಆ ಹುಡುಗಿಯ ಚಿಂತೆ ಮಾಡಿದೆನಲ್ಲ, ನೀನು ನನಗೆ ಮೋಸ ಮಾಡಿದೆ ಎಂಬ ಅರ್ಥದಲ್ಲಿ ಬೈದ. ಆಮೇಲೆ ಆತ ಆ ಧಾರಾವಾಹಿ ಓದಲೇ ಇಲ್ಲ.

ಅಂದು ತಿಳಿದದ್ದು ಇಷ್ಟು. ಕಂತಿನ ಕೊನೆ ಎಂದರೆ ಓದುಗನ ಹತ್ತಿರ ಮಾಡುವ ಸಾಲ. ಅವನ ಒಂದು ವಾರದ, ಒಂದು ತಿಂಗಳ ಚಿಂತೆಯನ್ನು ನಾವು ಕಡ ತಂದಿರುತ್ತೇವೆ. ಮುಂದಿನ ಕಂತಿನಲ್ಲಿ ಬಡ್ಡಿ ಸಮೇತ ತೀರಿಸಬೇಕು. ಹಾವು ತೋರಿಸಿದರೆ ಹಾವೇ ಇರಬೇಕು, ಅದು ಯಾರನ್ನಾದರೂ ಬದಲಿಸಬೇಕು. ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟು ಆಮೇಲೆ ಹೊಸ ಪ್ರಶ್ನೆ ತೆರೆಯಬೇಕು. ಪ್ರತಿ ಸಲವೂ ಒಂದೇ ಬಗೆಯಲ್ಲಿ ಹೆದರಿಸಿದರೆ ಓದುಗ ಎರಡು ಸಲ ಹೆದರುತ್ತಾನೆ, ಮೂರನೆಯ ಸಲ ನಗುತ್ತಾನೆ. ಇಂದಿನ ಟಿವಿ ಧಾರಾವಾಹಿಗಳಲ್ಲಿ ಬಾಗಿಲು ತೆರೆದಾಗ ಮೂರು ಸಲ ಸಿಡಿಲು ಹೊಡೆಯುತ್ತದೆ, ಬಂದವರು ಮಾತ್ರ ಹಾಲಿನವರು!

ಗಳಗನಾಥರಲ್ಲಿ ದೋಷ ಇರಲಿಲ್ಲವೇ? ಇತ್ತು. ಕಥೆ ಓಡುತ್ತಿರುವಾಗ ನಡುವೆ ನಿಲ್ಲಿಸಿ ನೀತಿ ಹೇಳುವ ಮಾಸ್ತರಿಕೆ ಅವರನ್ನು ಬಿಡಲಿಲ್ಲ. ಸಂಸ್ಕೃತದ ಭಾರ, ಮರಾಠಿಯ ವಾಸನೆ ಅವರ ವಾಕ್ಯಗಳಲ್ಲಿದೆ. ಇಂದಿನ ಓದುಗ ಕೆಲವು ಪುಟ ಹಾರಿಸಿಯೇ ಮುಂದೆ ಹೋಗುತ್ತಾನೆ. ಆದರೆ ಹಾರಿಸಿಯಾದರೂ ಮುಂದೆ ಹೋಗುತ್ತಾನೆ, ಪುಸ್ತಕ ಕೆಳಗಿಡುವುದಿಲ್ಲ. ಓದುಗನನ್ನು ಬರೀ ಗಿರಾಕಿ ಎಂದು ತಿಳಿಯದೆ, ತನ್ನ ಶಾಲೆಯ ಹುಡುಗ ಎಂದು ತಿಳಿದಿದ್ದ ಲೇಖಕನ ಗುಣವೂ ಅದೇ, ದೋಷವೂ ಅದೇ.

ತಲೆಯ ಮೇಲೆ ಪುಸ್ತಕದ ಗಂಟು

ಬರೆಯುವುದು, ತಿದ್ದುವುದು, ಅಚ್ಚು ಮಾಡಿಸುವುದು, ಕಟ್ಟು ಕಟ್ಟಿ ಅಂಚೆಗೆ ಹಾಕುವುದು. ಇಷ್ಟಕ್ಕೇ ಅವರ ಕೆಲಸ ಮುಗಿಯಲಿಲ್ಲ. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡು ಊರಿಂದೂರಿಗೆ ನಡೆದು ಮಾರಿದರು. ಗಳಗನಾಥರ ಬಗ್ಗೆ ಕನ್ನಡ ನಾಡು ಇಂದಿಗೂ ನೆನೆಯುವ ಚಿತ್ರ ಇದೇ. ಕುಲಕರ್ಣಿ ಮನೆತನದ, ಮಾಸ್ತರಿಕೆ ಮಾಡಿದ ಮನುಷ್ಯ ಕನ್ನಡದ ಹೊರೆ ಹೊತ್ತು ಹಳ್ಳಿಯ ಓಣಿಯಲ್ಲಿ ನಿಂತದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಹೀಗೆ ಬಾಗಿಲಿಗೆ ಹೋಗಿ ನಿಂತ ಲೇಖಕನಿಗೆ ಓದುಗನ ಮುಖ ಕಾಣುತ್ತದೆ. ಹಿಂದಿನ ಕಥೆ ಹೇಗಿತ್ತು ಅಂತ ಯಾರೂ ಪತ್ರ ಬರೆದು ತಿಳಿಸಬೇಕಾಗಿಲ್ಲ. ಪುಸ್ತಕಕ್ಕೆ ಕೈ ಚಾಚಿದರೋ ಬಾಗಿಲು ಹಾಕಿಕೊಂಡರೋ ನೋಡಿದರೆ ಸಾಕು. ಮುಂದೆ ‘ಸದ್ಗುರು’ ಎಂಬ ಇನ್ನೊಂದು ಪತ್ರಿಕೆಯನ್ನೂ ನಡೆಸಿದರು. ಎರಡು ಡಜನ್ನಿನಷ್ಟು ಕಾದಂಬರಿಗಳ ಜೊತೆಗೆ ಪುರಾಣ, ನಿಬಂಧಗಳನ್ನೂ ಬರೆದರು. ಹಣ ಮಾತ್ರ ಕೈ ಹಿಡಿಯಲಿಲ್ಲ. 1942ರಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋದ ದೊಡ್ಡ ಆಸ್ತಿ ಓದುಗರೇ. ಆ ಓದುಗರ ಮಕ್ಕಳೇ ಮುಂದೆ ಅ.ನ.ಕೃ., ತ್ರಿವೇಣಿಯವರ ಕಾದಂಬರಿಗಳಿಗೆ ಮುಗಿಬಿದ್ದರು, ವಾರಪತ್ರಿಕೆಗಳ ಧಾರಾವಾಹಿಗೆ ಕಾದು ಕೂತರು.

ಗಡಿಯವರಿಗೆ ಒಂದು ಮಾತು

ಆಗ ನಮ್ಮ ಭಾಗ ನಿಜಾಮನ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಕನ್ನಡಕ್ಕೂ ಜಾಗವಿಲ್ಲ, ತೆಲುಗಿಗೂ ಜಾಗವಿಲ್ಲ. ನಮ್ಮ ಗದ್ವಾಲ ಸೀಮೆಯ ಸುರವರಂ ಪ್ರತಾಪರೆಡ್ಡಿಯವರು 1926ರಲ್ಲಿ ‘ಗೋಲಕೊಂಡ ಪತ್ರಿಕೆ’ ಹೊರಡಿಸಿದರು. ತೆಲಂಗಾಣದಲ್ಲಿ ತೆಲುಗು ಕವಿಗಳೇ ಇಲ್ಲ ಎಂದವರಿಗೆ ಉತ್ತರವಾಗಿ 1934ರಲ್ಲಿ 354 ಕವಿಗಳ ಸಂಕಲನವನ್ನೇ ತಂದರು. ಅಗಡಿಯ ಮಾಸ್ತರರದ್ದೂ ಇದೇ ಹೋರಾಟ, ಭಾಷೆ ಬೇರೆ ಅಷ್ಟೇ. ಪ್ರತಾಪರೆಡ್ಡಿಯವರು ಬರೆಯುವವರು ಇದ್ದಾರೆ ಎಂದು ತೋರಿಸಿದರು, ಗಳಗನಾಥರು ಓದುವವರು ಇದ್ದಾರೆ ಎಂದು ತೋರಿಸಿದರು. ಎರಡನ್ನೂ ನಮ್ಮವೇ ಎಂದು ಹೇಳಿಕೊಳ್ಳುವ ಭಾಗ್ಯ ಗಡಿಯವರಿಗಲ್ಲದೆ ಯಾರಿಗಿದೆ?

1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. 2014ರಲ್ಲಿ ತೆಲಂಗಾಣ ಬಂತು, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್. ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬಾರದು ಎನ್ನುವ ದೂರು ಕೃಷ್ಣಾ, ಮಖ್ತಲ್ ಕಡೆ ಹೋದಾಗೆಲ್ಲ ಕಿವಿಗೆ ಬೀಳುತ್ತದೆ. ಭಾಷೆ ಉಳಿಸಿ ಎಂದು ಭಾಷಣ ಮಾಡಿದರೆ ಮಕ್ಕಳು ಓದುವುದಿಲ್ಲ, ಅದು ಬರೀ ಸದ್ಬೋಧ. ಮಾಸ್ತರರ ಉಪಾಯ ಮಾಡಿ ನೋಡಿ. ರಾತ್ರಿ ಮಗುವಿಗೆ ಕನ್ನಡದ ಒಂದು ಒಳ್ಳೆಯ ಕಥೆ ಓದಿ ಹೇಳಿ. ಸರಿಯಾದ ಜಾಗದಲ್ಲಿ ನಿಲ್ಲಿಸಿ. ಪುಸ್ತಕವನ್ನು ಅದರ ಕೈಗೆಟುಕುವ ಹಾಗೆ ಇಟ್ಟು ದೀಪ ಆರಿಸಿ. ಬೆಳಗಾಗುವುದರೊಳಗೆ ಮಗು ಒಂದೊಂದೇ ಅಕ್ಷರ ಕೂಡಿಸುತ್ತಾ ಕೂತಿದ್ದರೆ ಆಶ್ಚರ್ಯಪಡಬೇಡಿ.

ಅಂದ ಹಾಗೆ, ಆ ಹರಿದ ಪುಸ್ತಕದ ಕೊನೆ ನನಗೆ ಸಿಕ್ಕಿತು. ಮೂವತ್ತು ವರ್ಷಗಳ ಮೇಲೆ, ಇದೇ ಅಂತರ್ಜಾಲದಲ್ಲಿ ‘ಕನ್ನಡಿಗರ ಕರ್ಮಕಥೆ’ ಇಡಿಯಾಗಿ ಸಿಕ್ಕಿತು. ಒಂದೇ ರಾತ್ರಿ ಕೂತು ಮುಗಿಸಿದೆ. ಕೊನೆಯ ಪುಟಗಳನ್ನು ಯಾಕೋ ಗಟ್ಟಿಯಾಗಿ ಓದಿದೆ, ಕೇಳಲು ಅಜ್ಜಿ ಇರಲಿಲ್ಲ ಅಷ್ಟೇ.

ತಂದೆ ಮಗನಿಗೆ ಗುರುತು ಸಿಕ್ಕಿತೇ ಎಂದು ಕೇಳುತ್ತೀರಾ? ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ಹುಡುಕಿ, ಓದಿ.